ದುಡ್ಡು ಕೊಡ್ತೀನಂದ್ರೂ ಸಿಗದ ಆಟ

ಆಟ ಕೆಟ್ಟಿಲ್ಲ. ಕೇಳುವ ಗಿರಾಕಿಯೂ ಇದ್ದಾನೆ. ಇಂಟರ್ನೆಟ್ ಅಂಗಡಿಯಲ್ಲಿ ಜಾಗಕ್ಕೇನೂ ಬರವಿಲ್ಲ. ಆದರೂ ಹಳೆಯ ವಿಡಿಯೊ ಗೇಮುಗಳು ಒಂದೊಂದಾಗಿ ಮಾರಾಟದಿಂದ ಇಳಿಯುತ್ತಿವೆ. ಇಳಿಸುವವರು ಯಾರು, ಯಾಕೆ? ಕಾರು, ಹಾಡು, ಸರ್ವರ್, ಸರ್ಕಾರ... ಒಳಗಿನ ಕತೆ ಇಲ್ಲಿದೆ.

ಏಪ್ರಿಲ್ ಮಧ್ಯಾಹ್ನ. ವಿದ್ಯಾರಣ್ಯಪುರದ ಬಿಇಎಲ್ ಲೇಔಟಿನ ಮನೆಯೊಂದರ ಮೊದಲ ಮಹಡಿ. ಕಿಟಕಿಗೆ ಪರದೆ ಎಳೆದಿದೆ, ಫ್ಯಾನು ಐದರಲ್ಲಿ ತಿರುಗುತ್ತಿದೆ, ಕೆಳಗೆ ಕುಕ್ಕರ್ ಎರಡನೇ ಸಲ ಕೂಗಿದೆ. ಬೇಸಿಗೆ ರಜೆಗೆಂದು ಹಾಸನದಿಂದ ಬಂದ ಒಂಬತ್ತನೇ ಕ್ಲಾಸಿನ ಹುಡುಗ ಸೋದರಮಾವನ ಕಂಪ್ಯೂಟರಿನಲ್ಲಿ ಎಡಿನ್‌ಬರೊ ನಗರದ ಕಲ್ಲುಹಾಸಿನ ಬೀದಿ ದಾಟಿ, ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಹಳ್ಳಿ ರಸ್ತೆಗೆ ಕಾರು ನುಗ್ಗಿಸುತ್ತಿದ್ದಾನೆ. ಊಟಕ್ಕೆ ಕರೆದು ಸಾಕಾಗಿದೆ.

'ಮಾವ, ಇದನ್ನ ನನ್ ಲ್ಯಾಪ್‌ಟಾಪಿಗೂ ಹಾಕಿಸ್ಕೊಡು.'

'ಎಷ್ಟಿದೆ ನೋಡು, ಕೊಡಿಸ್ತೀನಿ.'

ಹುಡುಗ ಫೋನು ತೆಗೆದು, ಗೇಮ್ ಮಾರುವ 'ಸ್ಟೀಮ್' ಎಂಬ ಇಂಟರ್ನೆಟ್ ಅಂಗಡಿಯಲ್ಲಿ ಹುಡುಕಿದ. ಸರಣಿಯ ಐದನೆಯ ಆಟ ಸಿಕ್ಕಿತು, ನಾಲ್ಕನೆಯದು ಇಲ್ಲ.

'ನಾಲ್ಕು ಇಲ್ವೇ ಇಲ್ವಲ್ಲ ಮಾವ?'

'ಇಲ್ದೆ ಏನೋ? ಈಗ ನೀನು ಆಡ್ತಿರೋದು ಯಾವ್ದು ಮತ್ತೆ?'

ಗೂಗಲ್ ಮೂಲಕ ತಡಕಿದಾಗ ಆಟದ ಪುಟವೇನೋ ತೆರೆಯಿತು. ಚಿತ್ರಗಳಿವೆ, ಸಾವಿರಾರು ಜನ ಹೊಗಳಿದ್ದೂ ಇದೆ. ಕೊಳ್ಳುವ ಬಟನ್ ಮಾತ್ರ ಇಲ್ಲ. ಅದಿರಬೇಕಾದ ಕಡೆ, ಪ್ರಕಾಶಕರ ಕೋರಿಕೆಯಂತೆ ಈ ಆಟ ಮಾರಾಟಕ್ಕಿಲ್ಲ ಎಂಬ ಅರ್ಥದ ಒಂದು ಸಾಲು.

ಆಟದ ಹೆಸರು 'ಫೋರ್ಜಾ ಹೊರೈಜನ್ 4'. ಮೈಕ್ರೋಸಾಫ್ಟ್ ಕಂಪನಿಯದು. 2018ರ ಅಕ್ಟೋಬರಿನಲ್ಲಿ ಬಿಡುಗಡೆಯಾಗಿ, 2021ರ ಮಾರ್ಚಿನಲ್ಲಿ ಸ್ಟೀಮ್ ಅಂಗಡಿಗೂ ಬಂತು. ಲಾಕ್‌ಡೌನ್ ಕಾಲದಲ್ಲಿ ಮನೆಯಲ್ಲೇ ಕೂತ ಎಷ್ಟೋ ಜನ ಕೊಂಡರು, ಈ ಮಾವನೂ ಕೊಂಡ. 2024ರ ಡಿಸೆಂಬರ್ 15ಕ್ಕೆ ಮಾರಾಟ ಬಂದ್. ಗೇಮ್ ಆಡುವ ಹುಡುಗರ ಮಾತಿನಲ್ಲಿ ಹೇಳುವುದಾದರೆ 'ಡೀಲಿಸ್ಟ್ ಆಯ್ತು'.

ಮೊದಲೇ ಕೊಂಡವರ ಲೈಬ್ರರಿಯಲ್ಲಿ ಆಟ ಹಾಗೇ ಇದೆ. ಅಳಿಸಿದರೂ ಮತ್ತೆ ಇಳಿಸಿಕೊಳ್ಳಬಹುದು. ಹೊಸಬರಿಗೆ ಮಾತ್ರ ಬಾಗಿಲು ಮುಚ್ಚಿದೆ. ಹೀಗೆ ಮಾವನಿಗಿರುವುದು ಅಳಿಯನಿಗಿಲ್ಲ.

ಹಳತಾಯಿತು, ಯಾರೂ ಕೊಳ್ಳುತ್ತಿಲ್ಲ, ಅದಕ್ಕೇ ತೆಗೆದರು ಅಂದುಕೊಳ್ಳುವುದು ಸಹಜ. ಆದರೆ ಫೈಲು ರೂಪದ ಸರಕನ್ನು ಮಾರಾಟಕ್ಕೆ ಇಟ್ಟುಕೊಳ್ಳಲು ಅಂಗಡಿಗೆ ತಗಲುವ ಖರ್ಚು ತೀರಾ ಕಡಿಮೆ. ವರ್ಷಕ್ಕೆ ನೂರು ಪ್ರತಿ ಹೋದರೂ ಲಾಭವೇ. ಕಾರಣ ಬೇರೆ ಕಡೆ ಇದೆ, ಅದೂ ಆಟದ ಹೊಟ್ಟೆಯೊಳಗೆ.

ಕಾರು ಯಾರದ್ದು?

ಹೊರೈಜನ್ 4 ಆಟದಲ್ಲಿ ನೂರಾರು ಕಾರುಗಳಿವೆ. ಬಹುತೇಕ ಎಲ್ಲವೂ ನಿಜವಾದ ಕಂಪನಿಗಳವು: ಫೆರಾರಿ, ಲ್ಯಾಂಬೋರ್ಗಿನಿ, ಬಿಎಂಡಬ್ಲ್ಯು, ಪೋರ್ಷ. ಒಂದೊಂದು ಲಾಂಛನಕ್ಕೂ, ಒಂದೊಂದು ಬಾನೆಟ್ಟಿನ ಬಾಗಿಗೂ ಒಡೆಯರಿದ್ದಾರೆ. ಅವರೊಂದಿಗೆ ಕರಾರು ಮಾಡಿಕೊಂಡೇ ಆಟದೊಳಗೆ ತರಬೇಕು. ಕರಾರಿಗೆ ಅವಧಿ ಇರುತ್ತದೆ. ಅವಧಿ ಮುಗಿದ ಮೇಲೆ ಒಂದು ಪ್ರತಿ ಮಾರಿದರೂ ತಪ್ಪು.

ಪಕ್ಕದ ಪಟ್ಟಿ ನೋಡಿದರೆ ಈ ಗಡಿಯಾರ ಎಷ್ಟು ಕರಾರುವಾಕ್ಕು ಎಂಬುದು ಗೊತ್ತಾಗುತ್ತದೆ. ಮೂರನೇ ಹೊರೈಜನ್ ಬಿಡುಗಡೆಯಾದದ್ದು 2016ರ ಸೆಪ್ಟೆಂಬರ್ 27. ಇಳಿದದ್ದು 2020ರ ಸೆಪ್ಟೆಂಬರ್ 27. ಒಂದು ದಿನವೂ ಆಚೀಚೆ ಇಲ್ಲ.

ಬಾಕ್ಸ್: ಬಂದದ್ದು, ಇಳಿದದ್ದು
ಫೋರ್ಜಾ ಹೊರೈಜನ್: 2012ರಲ್ಲಿ ಬಂತು, 2016ರ ಅಕ್ಟೋಬರ್ 20ಕ್ಕೆ ಇಳಿಯಿತು
ಹೊರೈಜನ್ 2: 2014ರಲ್ಲಿ ಬಂತು, 2018ರ ಸೆಪ್ಟೆಂಬರ್ 30ಕ್ಕೆ ಇಳಿಯಿತು
ಹೊರೈಜನ್ 3: 2016ರಲ್ಲಿ ಬಂತು, 2020ರ ಸೆಪ್ಟೆಂಬರ್ 27ಕ್ಕೆ ಇಳಿಯಿತು
ಫೋರ್ಜಾ ಮೋಟರ್‌ಸ್ಪೋರ್ಟ್ 7: 2017ರಲ್ಲಿ ಬಂತು, 2021ರ ಸೆಪ್ಟೆಂಬರ್ 15ಕ್ಕೆ ಇಳಿಯಿತು
ಹೊರೈಜನ್ 4: 2018ರಲ್ಲಿ ಬಂತು, 2024ರ ಡಿಸೆಂಬರ್ 15ಕ್ಕೆ ಇಳಿಯಿತು

ಕರಾರು ನವೀಕರಿಸಬಾರದೇ? ಬೇಕಾದರೆ ಮಾಡಬಹುದು. ಆದರೆ ಹತ್ತಾರು ಕಂಪನಿಗಳ ವಕೀಲರೊಂದಿಗೆ ಮತ್ತೆ ಕೂತು ಮಾತಾಡಬೇಕು, ಹೊಸ ದರ ಕೊಡಬೇಕು. ಒಬ್ಬ ಒಪ್ಪದಿದ್ದರೆ ಅವನ ಕಾರುಗಳನ್ನು ಕಿತ್ತು, ಆಟವನ್ನು ಮತ್ತೆ ಪರೀಕ್ಷಿಸಬೇಕು. ಅಷ್ಟರಲ್ಲಿ ಹೊಸ ಆಟ ಬಂದಿರುತ್ತದೆ. ಹಳೆಯದನ್ನು ಉಳಿಸಿದರೆ ಹೊಸದರ ಗಿರಾಕಿಯೇ ಒಂದಿಷ್ಟು ಕಡಿಮೆಯಾದಾನು! ಲೆಕ್ಕಪತ್ರದವರ ಮೇಜಿನ ಮೇಲೆ ಈ ವಾದ ಸೋಲುವುದಿಲ್ಲ.

ಈ ಕಾರುಗಳಿಗೂ ನಮ್ಮೂರಿಗೂ ನಂಟಿದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ 'ಧ್ರುವ ಇಂಟರಾಕ್ಟಿವ್' ಶುರು ಮಾಡಿದಾಗ ವಿಡಿಯೊ ಗೇಮ್ ಮಾಡುವುದೂ ಒಂದು ಉದ್ಯೋಗ ಅಂತ ಇಲ್ಲಿ ಯಾರಿಗೂ ಅನಿಸಿರಲಿಲ್ಲ. ಮುಂದೆ ಆ ಕಂಪನಿ ಹೊರದೇಶದ ದೊಡ್ಡ ದೊಡ್ಡ ಆಟಗಳಿಗೆ ಚಿತ್ರಕಲೆಯ ಕೆಲಸ ಮಾಡಿಕೊಟ್ಟಿತು. ಫೋರ್ಜಾ ಸರಣಿಯೂ ಅದರಲ್ಲಿ ಸೇರಿದೆ.

ಈ ಕೆಲಸವನ್ನು ಹತ್ತಿರದಿಂದ ನೋಡಬೇಕು. ಕಾರಿನ ಅಳತೆ, ಫೋಟೊಗಳನ್ನು ಮುಂದಿಟ್ಟುಕೊಂಡು ಕಲಾವಿದ ಪರದೆಯ ಮೇಲೆ ಸಣ್ಣ ಸಣ್ಣ ಚಪ್ಪಟೆ ಮುಖಗಳನ್ನು ಜೋಡಿಸುತ್ತ ಹೋಗುತ್ತಾನೆ. ಹೆಡ್‌ಲೈಟಿನ ಗಾಜಿನೊಳಗಿನ ಬಿಂಬ, ಬಾಗಿಲಿಗೂ ಬಾಡಿಗೂ ನಡುವಿನ ಸಂದು, ಸ್ಟೇರಿಂಗಿನ ಹೊಲಿಗೆ, ಸೀಟಿನ ಚರ್ಮದ ಮಡಿಕೆ ಎಲ್ಲವೂ ಬರಬೇಕು. ಒಂದು ಕಾರಿಗೆ ವಾರಗಟ್ಟಲೆ ಹಿಡಿಯುತ್ತದೆ. ಅಷ್ಟೆಲ್ಲ ಮಾಡಿದ ಕಾರು ನಾಲ್ಕೋ ಆರೋ ವರ್ಷಕ್ಕೆ ಮಾರುಕಟ್ಟೆಯಿಂದಲೇ ಹೊರಗೆ. ಸಿನಿಮಾ ಮಾಡಿದವನು ಮೊಮ್ಮಗನಿಗೆ ತನ್ನ ಚಿತ್ರ ತೋರಿಸಬಹುದು. ಈ ಕಲಾವಿದ ತನ್ನ ಪ್ರತಿಯನ್ನು ಮೊದಲೇ ಕೊಂಡಿಟ್ಟುಕೊಂಡಿರದಿದ್ದರೆ ಬೇರೆ ದಾರಿ ಹುಡುಕಬೇಕು.

ಧ್ರುವ ಈಗ ಆ ಹೆಸರಿನಲ್ಲಿ ಇಲ್ಲ. ಸ್ವೀಡನ್ನಿನ ಸ್ಟಾರ್‌ಬ್ರೀಜ್ ಕೈಗೆ ಹೋಗಿ, 2019ರಲ್ಲಿ 79 ಲಕ್ಷ ಡಾಲರಿಗೆ ರಾಕ್‌ಸ್ಟಾರ್ ಗೇಮ್ಸ್ ಪಾಲಾಗಿ, ಅದರ ಬೆಂಗಳೂರು ಸ್ಟುಡಿಯೊದಲ್ಲಿ ಲೀನವಾಯಿತು. ರಾಕ್‌ಸ್ಟಾರ್ ಅಂದರೆ ಯಾರು ಅಂತ ಮೂವತ್ತು ದಾಟಿದ ಬೆಂಗಳೂರಿನ ಹುಡುಗರಿಗೆ ಹೇಳಬೇಕಾಗಿಲ್ಲ.

ಹಾಡು ಮುಗಿದ ಮೇಲೆ

'ವೈಸ್ ಸಿಟಿ'! 2003ರಲ್ಲಿ ಕಂಪ್ಯೂಟರಿಗೆ ಬಂದ ರಾಕ್‌ಸ್ಟಾರಿನ ಈ ಆಟ ಇಲ್ಲದ ಸೈಬರ್ ಸೆಂಟರ್ ಆ ಕಾಲದ ಬೆಂಗಳೂರಿನಲ್ಲಿ ಸಿಗುವುದು ಕಷ್ಟವಿತ್ತು. ಟ್ಯೂಷನ್ ತಪ್ಪಿಸಿ, ಇಬ್ಬರು ಒಂದು ಕುರ್ಚಿಯಲ್ಲಿ ಕೂತು, 'ಈಗ ನಂದು, ಈಗ ನಂದು' ಅಂತ ಕಿತ್ತಾಡುತ್ತ ಆಡಿದ ಆಟ ಅದು. ಹೆಚ್ಚಿನ ಪ್ರತಿಗಳು ಮೆಜೆಸ್ಟಿಕ್ಕಿನ ನ್ಯಾಷನಲ್ ಮಾರ್ಕೆಟ್ಟಿನ ಕೃಪೆ ಎಂಬುದನ್ನೂ ಮುಚ್ಚಿಡಬೇಕಿಲ್ಲ.

ಆಟದೊಳಗೆ ಕಾರು ಹತ್ತಿದರೆ ರೇಡಿಯೊ ಹಾಡುತ್ತಿತ್ತು. ಎಂಬತ್ತರ ದಶಕದ ಹಾಡುಗಳು, ಅಸಲಿ ಗಾಯಕರವೇ. ಮೈಕೆಲ್ ಜಾಕ್ಸನ್ ಹೆಸರು ಮಾತ್ರ ಗೊತ್ತಿದ್ದ ಎಷ್ಟೋ ಹುಡುಗರು ಅವನ ಹಾಡು ಮೊದಲು ಕೇಳಿದ್ದು ಕದ್ದ ಕಾರಿನ ರೇಡಿಯೊದಲ್ಲಿ. ಆ ಹಾಡುಗಳಿಗೂ ಕರಾರಿತ್ತು. 2012ರಲ್ಲಿ ಹಾಡಿನ ಪರವಾನಗಿಯ ತೊಡಕಿನಿಂದ ವೈಸ್ ಸಿಟಿ ಸ್ಟೀಮ್ ಅಂಗಡಿಯಿಂದ ಕೆಲಕಾಲ ಇಳಿಯಿತು. ಮತ್ತೆ ಹತ್ತಿದಾಗ ಕೆಲವು ಹಾಡುಗಳು ಇರಲಿಲ್ಲ.

ಇದೇ ಸರಣಿಯ ನಾಲ್ಕನೇ ಆಟದ ಕತೆ ಇನ್ನೂ ವಿಚಿತ್ರ. ಬಿಡುಗಡೆಯಾದದ್ದು 2008ರ ಏಪ್ರಿಲ್. ಹಾಡುಗಳ ಕರಾರು ಹತ್ತು ವರ್ಷದ್ದು. ಸರಿಯಾಗಿ 2018ರ ಏಪ್ರಿಲ್ಲಿನಲ್ಲಿ ಅಪ್‌ಡೇಟ್ ಬಂದು, ಆಟದೊಳಗಿನ ರಷ್ಯನ್ ರೇಡಿಯೊ ಕೇಂದ್ರದ ಬಹುಪಾಲು ಹಾಡುಗಳು ಹೋಗಿ ಬೇರೆಯವು ಬಂದು ಕೂತವು. ಹೊಸ ಗಿರಾಕಿಗಳಿಗೆ ಮಾತ್ರವಲ್ಲ, ಹತ್ತು ವರ್ಷ ಹಿಂದೆ ದುಡ್ಡು ಕೊಟ್ಟವರ ಪ್ರತಿಯಿಂದಲೂ. ನಿಮ್ಮ ಮನೆಗೆ ಬಂದ ಸರಕಿನೊಳಗಿಂದ ಒಂದು ತುಣುಕು ರಾತ್ರೋರಾತ್ರಿ ಮಾಯ. ನನಗೆ ಡೀಲಿಸ್ಟ್‌ಗಿಂತ ಇದೇ ಹೆಚ್ಚು ಚುಚ್ಚುತ್ತದೆ.

2020ರ ಜನವರಿಯಲ್ಲಿ ಅದೇ ಆಟ ಸ್ಟೀಮ್‌ನಿಂದ ಪೂರ್ತಿ ಇಳಿಯಿತು. ಈ ಸಲ ಹಾಡಿನ ತಕರಾರಿಲ್ಲ. ಮೈಕ್ರೋಸಾಫ್ಟಿನ ಹಳೆಯ ಗೇಮಿಂಗ್ ಸೇವೆಯೊಂದರ ಕೀಲಿ ಸಂಖ್ಯೆ ಇಲ್ಲದೆ ಆಟ ತೆರೆಯುತ್ತಿರಲಿಲ್ಲ. ಆ ಸೇವೆ ಹಾಳುಬಿದ್ದು ಹೊಸ ಕೀಲಿಗಳೇ ಸಿಗದಾದವು. ಮಾರಲು ಆಟವಿದೆ, ಬೀಗದ ಕೈ ಇಲ್ಲ. ಆ ಸೇವೆಯನ್ನೇ ಕಿತ್ತುಹಾಕಿ ಮಾರ್ಚಿನಲ್ಲಿ ಮರಳಿ ತಂದರು.

ಹಾಡಿನ ಹಕ್ಕು ಅಂದರೆ ಏನು ಮಹಾ ಅನ್ನುವವರು 2022ರ ನವೆಂಬರ್ ನೆನಪಿಸಿಕೊಳ್ಳಲಿ. ಭಾರತ್ ಜೋಡೊ ಯಾತ್ರೆಯ ವಿಡಿಯೊಗಳಿಗೆ 'ಕೆಜಿಎಫ್ 2' ಹಾಡು ಬಳಸಿದ್ದಾರೆಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ದೂರು ಕೊಟ್ಟದ್ದು ಯಶವಂತಪುರ ಠಾಣೆಯಲ್ಲಿ. ಸಿವಿಲ್ ಕೋರ್ಟು ಕಾಂಗ್ರೆಸ್ಸಿನ ಟ್ವಿಟರ್ ಖಾತೆಗೇ ತಡೆ ಹಾಕಲು ಹೇಳಿತು, ಮರುದಿನ ಹೈಕೋರ್ಟು ಷರತ್ತಿನ ಮೇಲೆ ಆ ಆದೇಶ ಬದಿಗಿಟ್ಟಿತು. ರಾಷ್ಟ್ರೀಯ ಪಕ್ಷಕ್ಕೇ ಈ ಬಿಸಿ ಮುಟ್ಟುವುದಾದರೆ ಗೇಮ್ ಕಂಪನಿಗಳು ಅವಧಿ ಮುಗಿದ ದಿನವೇ ಅಂಗಡಿ ಮುಚ್ಚುವುದರಲ್ಲಿ ಆಶ್ಚರ್ಯವಿಲ್ಲ.

ಹೊಸತಿಗೆ ಜಾಗ ಬಿಡಿ

ಎಲ್ಲದಕ್ಕೂ ವಕೀಲರನ್ನು ದೂರುವುದೂ ತಪ್ಪು. ಕೆಲವು ಸಲ ವ್ಯಾಪಾರದ ಉಪಾಯವೇ ಕಾರಣ.

2021ರ ಅಕ್ಟೋಬರಿನಲ್ಲಿ ರಾಕ್‌ಸ್ಟಾರ್, ವೈಸ್ ಸಿಟಿಯೂ ಸೇರಿ ಮೂರು ಹಳೆಯ ಆಟಗಳನ್ನು ಮಾರಾಟದಿಂದ ಇಳಿಸಿತು. ಅವುಗಳ ಥಳುಕಿನ ಹೊಸ ರೂಪ ಬರಲಿದೆ, ಹಳೆಯದು ಯಾಕೆ ಎಂಬುದು ತರ್ಕ. ನವೆಂಬರ್ 11ಕ್ಕೆ ಹೊಸ ರೂಪ ಬಂತು. ಪಾತ್ರಗಳ ಮುಖ ಸೊಟ್ಟ, ಮಳೆ ಬಂದರೆ ರಸ್ತೆ ಕಾಣದು, ಅಂಗಡಿಗಳ ಬೋರ್ಡಿನಲ್ಲಿ ಕಾಗುಣಿತ ತಪ್ಪು. ಆಟಗಾರರು ಉಗಿದ ಪರಿಗೆ ಕಂಪನಿ ವಾರ ಕಳೆಯುತ್ತಿದ್ದಂತೆ ಕ್ಷಮೆ ಕೇಳಿ, ಹಳೆಯ ಪ್ರತಿಗಳನ್ನು ಕಂಪ್ಯೂಟರಿನವರಿಗೆ ಮರಳಿ ಕೊಡುವುದಾಗಿ ಹೇಳಿತು. ಗಿರಾಕಿಗಳು ಗಲಾಟೆ ಮಾಡಿ ಗೆದ್ದ ಅಪರೂಪದ ಪ್ರಸಂಗ.

ಫುಟ್‌ಬಾಲಿನದು ಇನ್ನೊಂದು ಬಗೆ. ಇಎ ಕಂಪನಿಗೂ ಫಿಫಾ ಸಂಸ್ಥೆಗೂ ನಂಟು ಮುರಿದು, 2023ರ ಸೆಪ್ಟೆಂಬರಿನಲ್ಲಿ ಬೇರೆ ಹೆಸರಿನ ಆಟ ಬಂತು. ಬರುತ್ತಿದ್ದಂತೆ 'ಫಿಫಾ' ಹೆಸರಿನ ಹಳೆಯ ಆಟಗಳು ಒಟ್ಟಿಗೇ ಇಳಿದವು. ವರ್ಷ ತುಂಬದ 'ಫಿಫಾ 23' ಕೂಡ.

ಕ್ರಿಕೆಟ್ಟಿನ ಕತೆ ಕೇಳಬೇಡಿ. 2013ರ ನವೆಂಬರಿನಲ್ಲಿ ಸ್ಟೀಮ್‌ಗೆ ಬಂದ 'ಆ್ಯಶಸ್ ಕ್ರಿಕೆಟ್ 2013' ಎಷ್ಟು ಕೆಟ್ಟದಾಗಿತ್ತೆಂದರೆ, ಕೆಲವೇ ದಿನಗಳಲ್ಲಿ ಹಿಂತೆಗೆದು ದುಡ್ಡು ವಾಪಸು ಕೊಟ್ಟರು. ನಮ್ಮ ಹುಡುಗರು ಇವತ್ತಿಗೂ ಆಡುವುದು ಇಎ ಕಂಪನಿಯ 'ಕ್ರಿಕೆಟ್ 07'. ಅದರಲ್ಲಿ ಭಾರತ ತಂಡದ ಪರವಾನಗಿ ಇರಲಿಲ್ಲ, ಹಾಗಾಗಿ ದ್ರಾವಿಡ್, ಕುಂಬ್ಳೆಯರ ಅಸಲಿ ಹೆಸರೂ ಇರಲಿಲ್ಲ. ಅಭಿಮಾನಿಗಳೇ ಹೆಸರು, ಜರ್ಸಿ, ಮೈದಾನ ತಿದ್ದಿದ ಪ್ಯಾಚುಗಳನ್ನು ಮಾಡಿ, ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ದಾಟಿಸುತ್ತ ಬಂದರು. ಆ ಮೇಲೆ ಕಂಪನಿ ಕ್ರಿಕೆಟ್ ಆಟ ಮಾಡುವುದನ್ನೇ ಬಿಟ್ಟಿತು. ಕಾನೂನಿನ ಕಣ್ಣಲ್ಲಿ ಈ ಪೆನ್‌ಡ್ರೈವ್ ದಂಧೆ ಸರಿಯಲ್ಲ. ಆಟ ಉಳಿದದ್ದು ಮಾತ್ರ ಅದರಿಂದಲೇ.

ಫೋನಿನ ಅಂಗಡಿಯ ಗಡುವು

ಮೊಬೈಲಿನಲ್ಲಿ ಆಟ ಸಾಯಲು ಕರಾರು ಮುಗಿಯಬೇಕಾಗಿಯೂ ಇಲ್ಲ. ಸುಮ್ಮನೆ ಬಿಟ್ಟರೆ ಸಾಕು.

ಆ್ಯಪಲ್ 2017ರ ಸೆಪ್ಟೆಂಬರಿನಲ್ಲಿ ಐಒಎಸ್ 11 ತಂದಾಗ 32 ಬಿಟ್ಟಿನ ಹಳೆಯ ಆ್ಯಪ್‌ಗಳೆಲ್ಲ ಒಂದೇ ಏಟಿಗೆ ನಿಂತವು. 2022ರಲ್ಲಿ ಇನ್ನೊಂದು ನಿಯಮ: ಮೂರು ವರ್ಷದಿಂದ ಅಪ್‌ಡೇಟ್ ಕಾಣದ, ಇಳಿಸಿಕೊಳ್ಳುವವರೂ ಇಲ್ಲದ ಆ್ಯಪ್‌ಗಳಿಗೆ ನೋಟಿಸು. ಗೂಗಲ್ ಕೂಡ ಅದೇ ವರ್ಷ, ಹಳೆಯ ಆಂಡ್ರಾಯ್ಡ್‌ಗೆ ತಯಾರಾಗಿ ಹಾಗೇ ಉಳಿದ ಆ್ಯಪ್‌ಗಳನ್ನು ಹೊಸ ಫೋನುಗಳಿಗೆ ಕಾಣದಂತೆ ಮಾಡುವುದಾಗಿ ಘೋಷಿಸಿತು. ಭದ್ರತೆ ದೃಷ್ಟಿಯಿಂದ ಇದು ಸರಿಯೇ. ಆದರೆ ಐದು ವರ್ಷ ಹಿಂದೆ ಇಬ್ಬರು ಗೆಳೆಯರು ಸೇರಿ ಮಾಡಿದ, ಈಗ ಇಬ್ಬರೂ ಬೇರೆ ಬೇರೆ ಕಂಪನಿ ಸೇರಿರುವ ಪುಟ್ಟ ಆಟವನ್ನು ಯಾರು ತಿದ್ದುತ್ತಾರೆ?

ಸಿನಿಮಾ ಹೆಸರಿನ ಆಟಗಳಿಗಂತೂ ಎರಡೂ ಕಡೆಯ ಹೊಡೆತ. ಉಡುಪಿಯಲ್ಲಿ ಬೇರೂರಿದ '99ಗೇಮ್ಸ್' 2013ರ ಡಿಸೆಂಬರಿನಲ್ಲಿ ಯಶ್ ರಾಜ್ ಫಿಲ್ಮ್ಸ್ ಜತೆಗೂಡಿ 'ಧೂಮ್ 3' ಆಟ ತಂದಾಗ ದೇಶವೇ ಬೈಕು ಓಡಿಸಿತು. 2016ರಲ್ಲಿ 'ಫ್ಯಾನ್', 'ಸುಲ್ತಾನ್' ಆಟಗಳೂ ಬಂದವು. ಮಣಿಪಾಲದ ಪಕ್ಕದ ಊರಿಂದ ಬಾಲಿವುಡ್ಡಿಗೆ ಆಟ! ಇಂಥ ಆಟದ ಬೆನ್ನಿಗೆ ನಿರ್ಮಾಣ ಸಂಸ್ಥೆಯ ಪರವಾನಗಿ, ನಟನ ಮುಖದ ಹಕ್ಕು, ಫೋನ್ ಅಂಗಡಿಯ ನಿಯಮ, ಮೂರೂ ಇರುತ್ತವೆ. ಚಿತ್ರದ ಪೋಸ್ಟರ್ ಗೋಡೆಯಿಂದ ಹೋದ ಮೇಲೆ ಮೂರನ್ನೂ ಹೊಂದಿಸಿಕೊಂಡು ಕೂರುವ ಉಮೇದು ಯಾರಿಗೂ ಇರುವುದಿಲ್ಲ.

ಬಾಕ್ಸ್: ಹೋಗಿ ಬಂದವರು
ಬಿಜಿಎಂಐ: ಕ್ರಾಫ್ಟನ್ ಕಂಪನಿಯ ಈ ಆಟವನ್ನು ಇಳಿಸಿದ್ದು ಕೇಂದ್ರ ಸರ್ಕಾರದ ಆದೇಶ, 2022ರ ಜುಲೈ 28. 2023ರ ಮೇ ತಿಂಗಳಲ್ಲಿ ಮೂರು ತಿಂಗಳ ಪರೀಕ್ಷಾವಧಿಯೊಂದಿಗೆ ಮರಳಿತು. 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿ.
ಅಲನ್ ವೇಕ್: ಹಾಡಿನ ಕರಾರು ಮುಗಿದು 2017ರ ಮೇ ತಿಂಗಳಲ್ಲಿ ಇಳಿಯಿತು, ಕರಾರು ನವೀಕರಿಸಿ 2018ರ ಅಕ್ಟೋಬರಿನಲ್ಲಿ ಹತ್ತಿತು.
ಸ್ಕಾಟ್ ಪಿಲ್‌ಗ್ರಿಮ್: 2014ರಲ್ಲಿ ಇಳಿದು, ಅಭಿಮಾನಿಗಳ ಒತ್ತಾಯದ ನಡುವೆ 2021ರ ಜನವರಿಯಲ್ಲಿ ಮರಳಿತು.
ಮಾಫಿಯಾ: 2002ರ ಆಟ. 2017ರಲ್ಲಿ ವಾಪಸು ಬಂತು, ಹಳೆಯ ಹಾಡುಗಳಿಲ್ಲದೆ.

ಕೊಂಡವನಿಗೂ ಇಲ್ಲ

ಇಲ್ಲಿಯವರೆಗಿನವು ಸೌಮ್ಯ ಪ್ರಕರಣಗಳು. ಯುಬಿಸಾಫ್ಟ್ ಕಂಪನಿಯ 'ದ ಕ್ರೂ' ಎಂಬ ಕಾರಿನ ಆಟ 2014ರಲ್ಲಿ ಬಂತು. ಒಬ್ಬನೇ ಆಡಿದರೂ ಕಂಪನಿಯ ಸರ್ವರ್ ಜತೆ ಸಂಪರ್ಕ ಇರಲೇಬೇಕು. 2023ರ ಡಿಸೆಂಬರಿನಲ್ಲಿ ಮಾರಾಟ ನಿಂತಿತು, 2024ರ ಮಾರ್ಚ್ 31ಕ್ಕೆ ಸರ್ವರ್ ಆಫ್. ದುಡ್ಡು ಕೊಟ್ಟವರ ಬಳಿ ಡಿಸ್ಕ್ ಇದೆ, ಆಟ ಇಲ್ಲ.

ಇದರಿಂದ ಸಿಟ್ಟಿಗೆದ್ದ ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಶುರು ಮಾಡಿದರು. ಸರ್ವರ್ ಮುಚ್ಚುವುದಾದರೆ ಮುಚ್ಚಿ, ಆದರೆ ಕೊಂಡವರು ಹೇಗಾದರೂ ಆಡುವಂತೆ ಮಾಡಿ ಹೋಗಿ ಎಂಬುದು ಬೇಡಿಕೆ. ಯುರೋಪಿನಲ್ಲಿ ಅವರ ಮನವಿಗೆ ಬಿದ್ದ ಸಹಿಗಳ ಸಂಖ್ಯೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷ ದಾಟಿತು.

ಅಂಗಡಿಗೆ ಅಂಗಡಿಯೇ ಮುಚ್ಚುವುದೂ ಉಂಟು. ನಿಂಟೆಂಡೊ ತನ್ನ 3ಡಿಎಸ್ ಮತ್ತು ವಿ-ಯು ಮಳಿಗೆಗಳನ್ನು 2023ರ ಮಾರ್ಚ್ 27ಕ್ಕೆ, ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ 360 ಮಳಿಗೆಯನ್ನು 2024ರ ಜುಲೈ 29ಕ್ಕೆ ಮುಚ್ಚಿದವು. ಡಿಸ್ಕಿನಲ್ಲಿ ಎಂದೂ ಬಾರದೆ, ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳಿಗೆ ಬೇರೆ ಮನೆಯೇ ಇರಲಿಲ್ಲ.

ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಹಾಕಿತು: ಆ ದೇಶದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇಕಡ 87 ಇವತ್ತು ಮಾರುಕಟ್ಟೆಯಲ್ಲಿ ಕೊಳ್ಳಲು ಸಿಗುವುದಿಲ್ಲ.

ನಮ್ಮಲ್ಲಿ ಪುಸ್ತಕಕ್ಕೆ 1954ರ ಕಾಯ್ದೆಯ ರಕ್ಷಣೆ ಇದೆ. ಪ್ರಕಾಶಕರು ಪ್ರತಿಗಳನ್ನು ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿದಂತೆ ನಿಗದಿತ ಗ್ರಂಥಾಲಯಗಳಿಗೆ ಕಳಿಸಲೇಬೇಕು. ಆ ಕಾಯ್ದೆ ಪುಸ್ತಕ, ಪತ್ರಿಕೆಗಳದ್ದು. ಆಟಕ್ಕೆ ಅದರಲ್ಲಿ ಜಾಗವಿಲ್ಲ. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದೇ 2012ರಲ್ಲಿ ದೇಶದಲ್ಲೇ ಮೊದಲು ನೀತಿ ತಂದ ರಾಜ್ಯ ಕರ್ನಾಟಕ. 2024ರಿಂದ 29ರವರೆಗಿನ ನೀತಿಯೂ ಸಿದ್ಧವಾಗಿದೆ. ಹೂಡಿಕೆ, ಉದ್ಯೋಗದ ಮಾತು ಬೇಕಾದ್ದೇ. ಅದರ ಜತೆಗೆ ಬೆಂಗಳೂರಿನಲ್ಲಿ ಮಾಡಿದ ಆಟಗಳ ಒಂದೊಂದು ಪ್ರತಿಯನ್ನಾದರೂ ಒಂದು ಕಡೆ ಎತ್ತಿಡಲು ದೊಡ್ಡ ಬಜೆಟ್ಟೇನೂ ಬೇಕಾಗದು.

ದಿನಾಂಕ ಎಲ್ಲಿ ಸ್ವಾಮಿ?

ಕರಾರು ಮುಗಿದ ಮೇಲೂ ಮಾರಿ ಅಂತ ಯಾರೂ ಕೇಳುವಂತಿಲ್ಲ. ಆದರೆ ಕರಾರು ಯಾವಾಗ ಮುಗಿಯುತ್ತದೆ ಎಂಬುದು ಮಾರುವವರಿಗೆ ಮೊದಲ ದಿನವೇ ಗೊತ್ತು. ಕೊಳ್ಳುವವರಿಗೆ ಯಾಕೆ ಹೇಳುವುದಿಲ್ಲ? ವಿದ್ಯಾರಣ್ಯಪುರದ ಬೂತಿನಲ್ಲಿ ಬೆಳಿಗ್ಗೆ ಕೊಳ್ಳುವ ನಂದಿನಿ ಹಾಲಿನ ಪ್ಯಾಕೆಟ್ಟಿನ ಮೇಲೂ ಎಂದಿನವರೆಗೆ ಬಳಸಬಹುದು ಎಂದು ಅಚ್ಚಾಗಿರುತ್ತದೆ. ಸಾವಿರಾರು ರೂಪಾಯಿಯ ಆಟಕ್ಕೆ ಆ ಕಟ್ಟುಪಾಡಿಲ್ಲ.

ಹೊರೈಜನ್ 4 ವಿಷಯದಲ್ಲಿ ಕಂಪನಿ ಆರು ತಿಂಗಳು ಮೊದಲೇ, 2024ರ ಜೂನ್‌ನಲ್ಲಿ ಹೇಳಿ, ಕೊನೆಗೆ ಭಾರಿ ರಿಯಾಯಿತಿಯಲ್ಲೂ ಮಾರಿತು. ಇದ್ದುದರಲ್ಲಿ ಮರ್ಯಾದಸ್ಥ ರೀತಿ. 2012ರ 'ಸ್ಪೆಕ್ ಆಪ್ಸ್: ದ ಲೈನ್' 2024ರ ಜನವರಿಯಲ್ಲಿ ಸದ್ದಿಲ್ಲದೆ ಇಳಿಯಿತು, ಆಟಗಾರರು ಗಮನಿಸಿ ಕೇಳಿದ ಮೇಲೆ, ಕೆಲವು ಪರವಾನಗಿಗಳು ಮುಗಿಯುತ್ತಿವೆ ಎಂಬ ಉತ್ತರ ಬಂತು.

ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಹೊಸ ಕಾನೂನು ಇದೆ. ಡಿಜಿಟಲ್ ಸರಕನ್ನು 'ಕೊಳ್ಳಿ' ಅಂತ ಮಾರುವುದಾದರೆ, ಸಿಗುವುದು ಪರವಾನಗಿ ಮಾತ್ರ ಎಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು. ಸ್ಟೀಮ್ ಅದಕ್ಕೂ ಮೊದಲೇ, 2024ರ ಅಕ್ಟೋಬರಿನಲ್ಲಿ, ದುಡ್ಡು ಕಟ್ಟುವ ಪುಟದಲ್ಲಿ ಆ ಅರ್ಥದ ಸಾಲು ಸೇರಿಸಿತು. ಸಣ್ಣ ಅಕ್ಷರ, ನೋಡಿದವರುಂಟು, ನೋಡದವರೇ ಹೆಚ್ಚು.

ಕಾನೂನು ಬರುವ ತನಕ ನಮ್ಮ ಕೈಯಲ್ಲಿ ಇರುವುದು ಅಂದಾಜು. ಮುಂದಿನ ಸೇಲ್ ಹೊತ್ತಿಗೆ ಆಟದ ಪುಟ ತೆರೆದಾಗ ಮೂರು ಸಂಗತಿ ಹುಡುಕಿ. ಒಳಗೆ ಅಸಲಿ ಕಂಪನಿಗಳ ಕಾರು, ತಂಡ ಅಥವಾ ಸಿನಿಮಾ ಹೆಸರು ಇದೆಯೇ? ಹೆಸರುವಾಸಿ ಹಾಡುಗಳಿವೆಯೇ? ಇಂಟರ್ನೆಟ್ ಇಲ್ಲದೆ ಆಡಲು ಬರುತ್ತದೆಯೇ? ಮೊದಲ ಎರಡಕ್ಕೆ ಹೌದು ಅಂದರೆ ಬೇಗ ಕೊಳ್ಳುವುದು ಲೇಸು. ಮೂರನೆಯದಕ್ಕೆ ಇಲ್ಲ ಅಂದರೆ ಎಷ್ಟು ರಿಯಾಯಿತಿ ಇದ್ದರೂ ಒಂದು ಸಲ ಯೋಚಿಸಿ. ಜಿಒಜಿ ಎಂಬ ಅಂಗಡಿಯಲ್ಲಿ ಮಾರುವ ಆಟಗಳ ಇನ್‌ಸ್ಟಾಲರ್ ಫೈಲನ್ನು ಹಾರ್ಡ್‌ಡಿಸ್ಕಿಗೆ ಇಳಿಸಿಟ್ಟುಕೊಳ್ಳಬಹುದು. ಅಂಗಡಿ ಆಮೇಲೆ ಏನೇ ಮಾಡಿದರೂ ಆ ಫೈಲು ನಿಮ್ಮ ಬೀರುವಿನಲ್ಲೇ ಇರುತ್ತದೆ.